ಫಟಫಟಿಯ ಬಾಯಿಗೆ ಕಡಿವಾಣ

ಹಗಲೆಲ್ಲ ನರಳಿ ಇರುಳಿನ ಎರಡನೆಯ ಜಾವಕ್ಕೆ ಆಗತಾನೆ ನಿದ್ದೆಹೋದ ರೋಗಿಯೊಬ್ಬನು ಮಲಗಿರುವ ಬೀದಿಯಲ್ಲಿ ಒಬ್ಬ ತರುಣನು ತನ್ನ ಮೋಟಾರು ಸೈಕಲ್ಲನ್ನು ತೋಪಿನಂತೆ ಸಿಡಿಸುತ್ತ ಹಾಯ್ದುಹೋಗುವನು. ಅವನಿಗೆ ಅದು ಅರೆನಿಮಿಷದ ವಿನೋದ. ಬೀದಿಗೆ ಇಡೀ ರಾತ್ರಿಯ ನಿದ್ರಾಭಂಗ. ನಮ್ಮ ಮನೆಯಲ್ಲಿಯೇ ಹಿರಿಯರೊಬ್ಬರು ಕಾಯಿಲೆ ಬಿದ್ದಿದ್ದಾಗ ಈ ಸಂಕಟವನ್ನು ತಿಂಗಳುಗಟ್ಟಲೆ ಅನುಭವಿಸಿದ್ದೇವೆ. ಆದರೂ ಬರಿಯ ಕೋಪದಿಂದ ಬರೆಯುವದು ನಮ್ಮ ಉದ್ದೇಶವಲ್ಲ. ಈ ಸದ್ದು ಎಲ್ಲಿ ಹುಟ್ಟುತ್ತದೆ, ಅದನ್ನು ಅಡಗಿಸುವ ಬಗೆ ಯಾವದು ಎಂಬುದನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಧಾರವಾಡ ಸೀಮೆಯ ಜನರು ಈ ವಾಹನವನ್ನು 'ಫಟಫಟಿ' ಎಂದು ಕರೆದದ್ದು ಸುಮ್ಮನೆ ಅಲ್ಲ. ಎಂಜಿನ್ನಿನ ಕೊಳವೆಯೊಳಗೆ ಪೆಟ್ರೋಲು ಉರಿದ ಮೇಲೆ ಹೊರದಾರಿಯ ಕವಾಟವು ತೆರೆದ ಕ್ಷಣಕ್ಕೆ, ಇನ್ನೂ ಒತ್ತಡದಲ್ಲಿರುವ ಬಿಸಿ ಅನಿಲವು ಒಮ್ಮೆಲೆ ಹೊರನುಗ್ಗುತ್ತದೆ. ಅದೇ ಒಂದು 'ಫಟ್'. ಹಳೆಯ 350ರ ಬುಲೆಟ್ಟನ್ನೇ ತೆಗೆದುಕೊಳ್ಳಿರಿ. 70 ಮಿಲಿಮೀಟರು ಅಗಲ, 90 ಮಿಲಿಮೀಟರು ಓಟವುಳ್ಳ ಒಂದೇ ದೊಡ್ಡ ಸಿಲಿಂಡರು ಅದರದು. ಎರಡು ಸುತ್ತಿಗೊಮ್ಮೆ ಉರಿಯುವ ನಾಲ್ಕು ಹೊಡೆತದ ಎಂಜಿನ್ನಾದುದರಿಂದ, ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸೆಕೆಂಡಿಗೆ 20 ಪೆಟ್ಟುಗಳು ಬೀಳುತ್ತವೆ. ಜನರು ಮೆಚ್ಚುವ 'ಡುಗುಡುಗು' ಎಂಬ ಗಂಭೀರ ನಾದವು ಈ ಬಿಡಿಬಿಡಿಯಾದ ಪೆಟ್ಟುಗಳ ಫಲವೇ ಹೊರತು ಅಗಾಧ ಶಕ್ತಿಯ ಕುರುಹಲ್ಲ. ಸದ್ದು ಹೆಚ್ಚಾದರೆ ಬಲ ಹೆಚ್ಚೆಂದು ತಿಳಿಯುವ ತರುಣರು ಇದನ್ನು ಲಕ್ಷ್ಯದಲ್ಲಿಡುವದು ಒಳ್ಳೆಯದು.

ಈ ಪೆಟ್ಟುಗಳನ್ನು ಮೆತ್ತಗಾಗಿಸುವದೇ ಸೈಲೆನ್ಸರಿನ ಕೆಲಸ. ಅದರಲ್ಲಿ ಎರಡು ಉಪಾಯಗಳುಂಟು. ಅನಿಲವನ್ನು ಇಕ್ಕಟ್ಟಾದ ನಳಿಗೆಯಿಂದ ಅಗಲವಾದ ಕೋಣೆಗೆ, ಅಲ್ಲಿಂದ ಅಡ್ಡತಡಿಕೆಯ ತೂತುಗಳ ಮೂಲಕ ಮತ್ತೊಂದು ಕೋಣೆಗೆ ಹಾಯಿಸುವದು ಒಂದು. ಆಗ ಶಬ್ದದ ತೆರೆಗಳು ಹಿಂದಿರುಗಿ ತಮ್ಮನ್ನು ತಾವೇ ತಿಂದುಹಾಕುತ್ತವೆ. ತೂತುಗಳುಳ್ಳ ನಳಿಗೆಯ ಸುತ್ತಲೂ ಗಾಜಿನ ಉಣ್ಣೆಯನ್ನು ತುಂಬಿ ಸದ್ದನ್ನು ಹೀರಿಸುವದು ಇನ್ನೊಂದು. ಉಣ್ಣೆಯು ಕಿವಿಗಿರಿಯುವ ಎತ್ತರದ ಸ್ವರಗಳನ್ನು ಚೆನ್ನಾಗಿ ನುಂಗುತ್ತದೆ. ಎದೆಯನ್ನೇ ನಡುಗಿಸುವ ತಗ್ಗಿನ ಗುಡುಗನ್ನು ಅಡಗಿಸಲು ಮಾತ್ರ ಕೋಣೆಯ ವಿಸ್ತಾರವೇ ಬೇಕು. ಮೂಲದ ಉದ್ದನೆಯ ಸೈಲೆನ್ಸರನ್ನು ಕಿತ್ತೆಸೆದು ಗೇಣುದ್ದದ ಕೊಳವೆಯನ್ನು ಸಿಕ್ಕಿಸಿದವರು, ಅದರೊಳಗೆ ಎಷ್ಟು ಉಣ್ಣೆ ತುರುಕಿದರೂ ಸದ್ದು ಅಡಗದೆಂದು ಗೊಣಗುವದಕ್ಕೆ ಕಾರಣವಿದೇ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕೀಲುಗಳನ್ನು ನೋಡಬೇಕು. ಎಂಜಿನ್ನಿಗೆ ನಳಿಗೆಯು ಕೂಡುವಲ್ಲಿ ಗ್ಯಾಸ್ಕೆಟ್ಟು ಸುಟ್ಟಿದ್ದರೆ, ಅಥವಾ ತುಕ್ಕು ಹಿಡಿದು ಸಣ್ಣ ತೂತು ಬಿದ್ದಿದ್ದರೆ, ಒಳ್ಳೆಯ ಸೈಲೆನ್ಸರೂ ನಿಷ್ಪ್ರಯೋಜಕ. ಆ ಸಂದಿನಿಂದ ಒಳಸೇರಿದ ಗಾಳಿಯು, ವೇಗ ತಗ್ಗಿಸುವಾಗ ಉರಿಯದೆ ಉಳಿದ ಪೆಟ್ರೋಲನ್ನು ನಳಿಗೆಯಲ್ಲಿಯೇ ಹೊತ್ತಿಸಿ 'ಠಪ್ ಠಪ್' ಎಂದು ಸಿಡಿಸುವದು. ಅತ್ಯಲ್ಪ ಬೆಲೆಯ ಗ್ಯಾಸ್ಕೆಟ್ಟೊಂದರಿಂದ ನಿಲ್ಲುವ ಈ ಸಿಡಿತವನ್ನು ಕೆಲವರು ಶೌರ್ಯವೆಂದು ಬಗೆದಿರುವದು ಸೋಜಿಗ!

ಉಣ್ಣೆ ತುಂಬಿದ ಜಾತಿಯದಾದರೆ, ಬಿಸಿಗೂ ಎಣ್ಣೆಗೂ ಉಣ್ಣೆಯು ಕಾಲಾಂತರದಲ್ಲಿ ಪುಡಿಯಾಗಿ ಹಾರಿಹೋಗಿರುವದು. ಕೊನೆಯ ಮುಚ್ಚಳದ ರಿವೆಟ್ಟುಗಳನ್ನು ಕೊರೆದು ತೆಗೆದು ಹೊಸ ಉಣ್ಣೆಯನ್ನು ನಳಿಗೆಗೆ ಸುತ್ತಬೇಕು. ತೀರ ಸಡಿಲವೂ ಬೇಡ, ತೀರ ಬಿಗಿಯೂ ಬೇಡ. ಕೈಗೆ ಗವಸು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಅದನ್ನು ಮುಟ್ಟಬಾರದು. ಹೊರಬಾಯಿಗೆ ಬೋಲ್ಟಿನಿಂದ ಕೂಡಿಸುವ ಒಳನಳಿಗೆಯೊಂದು ಪೇಟೆಯಲ್ಲಿ ದೊರೆಯುತ್ತದೆ. ಅದು ತಕ್ಕಮಟ್ಟಿಗೆ ಉಪಯುಕ್ತ. ಆದರೆ ಚಿಂದಿಯನ್ನೋ ಕಬ್ಬಿಣದ ಚೂರನ್ನೋ ತುರುಕಿ ಬಾಯಿಯನ್ನೇ ಮುಚ್ಚುವದು ಮೂರ್ಖತನ; ಹೊರಹೋಗಲಾರದ ಅನಿಲವು ಎಂಜಿನ್ನನ್ನು ಕಾಯಿಸಿ ಅದರ ಕಸುವನ್ನು ಕುಂದಿಸುವದು.

1-4-2020ರಿಂದ ಜಾರಿಗೆ ಬಂದ ಬಿ. ಎಸ್. 6ನೆಯ ಮಾನದ ವಾಹನಗಳಲ್ಲಿ ಹೊರದಾರಿಯ ನಳಿಗೆಯೊಳಗೆ ವಿಷಾನಿಲವನ್ನು ಶೋಧಿಸುವ ಕೆಟಲಿಟಿಕ್ ಕನ್ವರ್ಟರೂ, ಆಮ್ಲಜನಕವನ್ನು ಅಳೆಯುವ ಸಾಧನವೂ ಇರುತ್ತವೆ. ಕನ್ವರ್ಟರನ್ನು ಕಿತ್ತರೆ ಸದ್ದಿನ ಜತೆಗೆ ಹೊಗೆಯ ವಿಷವೂ ಬೀದಿಯ ಪಾಲು.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯದು ಪ್ರತಿಯೊಂದು ವಾಹನಕ್ಕೂ ಸೈಲೆನ್ಸರನ್ನು ಕಡ್ಡಾಯ ಮಾಡಿದೆ. 2005ರಿಂದ ಕಾರಖಾನೆಗಳಿಗೆ ವಿಧಿಸಿದ ಮಿತಿಯು 80ರಿಂದ 175 ಸಿ.ಸಿ.ಯವರೆಗಿನ ಮೋಟಾರು ಸೈಕಲ್ಲಿಗೆ 77 ಡೆಸಿಬೆಲ್, ಅದಕ್ಕೂ ದೊಡ್ಡದಕ್ಕೆ 80. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿಯು ಹತ್ತು ಮಡಿಯಾಗುವದೆಂಬುದನ್ನು ಮರೆತು, 80ಕ್ಕೂ 90ಕ್ಕೂ ಏನು ಮಹಾ ಅಂತರವೆಂದು ವಾದಿಸುವವರುಂಟು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಯ ಬೀದಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗೊತ್ತುಮಾಡಿದ ಮಾನವು 45 ಡೆಸಿಬೆಲ್ ಮಾತ್ರ. 2019ರ ತಿದ್ದುಪಡಿಯು ಶಬ್ದದ ಮಿತಿಯನ್ನು ಮೀರಿದವನಿಗೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿಯವರೆಗಿನ ದಂಡವನ್ನೂ ಮೂರು ತಿಂಗಳವರೆಗಿನ ಸೆರೆಯನ್ನೂ ಹೇಳಿತು. ಪೋಲೀಸರು ಹಲವು ಪಟ್ಟಣಗಳಲ್ಲಿ ಇಂತಹ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರಿನಿಂದ ಅರೆದುದುಂಟು. ನೋಟವೇನೋ ಚೆನ್ನ, ಆದರೆ ಅವನ್ನು ಮಾರಿದ ಅಂಗಡಿಯ ಬಾಗಿಲು ಮರುದಿನವೂ ತೆರೆದೇ ಇರುವದಲ್ಲ!

ಮೋಟಾರು ಸೈಕಲ್ಲೆಂದ ಮೇಲೆ ಅಬ್ಬರಿಸಲೇಬೇಕೆಂಬ ನಿಯಮವೇನೂ ಇಲ್ಲ. 1948ರಲ್ಲಿ ಇಂಗ್ಲೆಂಡಿನ ವೆಲೋಸೆಟ್ ಕಂಪನಿಯು ನೀರಿನಿಂದ ತಂಪಾಗುವ, ಎರಡು ಸಿಲಿಂಡರಿನ ಎಲ್.ಇ. ಎಂಬ ವಾಹನವನ್ನು ಹೊರತಂದಿತು. ಅದು ಎಷ್ಟು ಮೆಲ್ಲಗೆ ಸಾಗುತ್ತಿತ್ತೆಂದರೆ ಅಲ್ಲಿಯ ಪೋಲೀಸರೇ ಗಸ್ತಿಗೆ ಅದನ್ನು ಆರಿಸಿಕೊಂಡರು. ಕಳ್ಳನಿಗೆ ಕೇಳಿಸದಂತೆ ಬರುವ ವಾಹನವು ಪೋಲೀಸನಿಗೆ ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ತರುಣರಲ್ಲಿ ಬಹುಮಂದಿ ಮೂಲದ ಸೈಲೆನ್ಸರನ್ನು ಮಾರಿಯೂ ಇಲ್ಲ, ಎಸೆದೂ ಇಲ್ಲ. ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಅದನ್ನು ಕೆಳಗಿಳಿಸಲು ಒಂದು ಏಣಿ, ಕೂಡಿಸಲು ಎರಡು ಪಾನಾ, ಒಂದು ಹೊಸ ಗ್ಯಾಸ್ಕೆಟ್ಟು, ಭಾನುವಾರದ ಒಂದು ತಾಸು ಸಾಕು.