ಹಸ್ತಾಕ್ಷರದ ಬೆಲೆ, ಸಹಾಯಾರ್ಥ ಭೋಜನದ ಲೆಕ್ಕ

ಲೇಖಕರನ್ನು ಆಹ್ವಾನಿಸಿ, ಅವರ ಮಾತು ಕೇಳಿ, ಅವರ ಹಸ್ತಾಕ್ಷರವಿರುವ ಪುಸ್ತಕ ಕೊಂಡು, ಊಟ ಮುಗಿಸಿ, ಉಳಿದ ಹಣವನ್ನು ಸತ್ಕಾರ್ಯಕ್ಕೆ ನೀಡುವ ಸಹಾಯಾರ್ಥ ಭೋಜನಕೂಟಗಳು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯ. ಇದು ಪರದೇಶದ ಪದ್ಧತಿಯೆಂದು ಬದಿಗಿಡುವವರು ಕೊಡಗಿನ ಇತಿಹಾಸವನ್ನೊಮ್ಮೆ ನೋಡಬೇಕು.

1933ರ ನವೆಂಬರ್‌ನಿಂದ ಮಹಾತ್ಮ ಗಾಂಧಿಯವರು ಹರಿಜನ ನಿಧಿಗಾಗಿ ದೇಶ ಸಂಚರಿಸಿದಾಗ ತಮ್ಮ ಹಸ್ತಾಕ್ಷರಕ್ಕೆ 5 ರೂಪಾಯಿ ಬೆಲೆ ಕಟ್ಟಿದ್ದರು. ಕಾಣಿಕೆಯಾಗಿ ಬಂದ ವಸ್ತುಗಳನ್ನು ಸಭೆಯಲ್ಲಿಯೇ ಹರಾಜು ಹಾಕುತ್ತಿದ್ದರು. ಸುಮಾರು ಒಂಬತ್ತು ತಿಂಗಳ ಆ ಪ್ರವಾಸದಲ್ಲಿ 8 ಲಕ್ಷ ರೂಪಾಯಿಗಳಷ್ಟು ನಿಧಿ ಸಂಗ್ರಹವಾಯಿತು. 1934ರ ಫೆಬ್ರವರಿಯಲ್ಲಿ ಅವರು ಕೊಡಗಿಗೆ ಬಂದಾಗ, ಸುಂಟಿಕೊಪ್ಪ ಸಮೀಪದ ಗುಂಡುಗುಟ್ಟಿಯಲ್ಲಿದ್ದ ಕಥೆಗಾರ್ತಿ ಕೊಡಗಿನ ಗೌರಮ್ಮ ಅವರು ಗಾಂಧೀಜಿ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತರು. ಬಂದ ಅತಿಥಿಯ ನಿಧಿಗೆ ತಮ್ಮ ಒಡವೆಗಳನ್ನು ಅರ್ಪಿಸಿದರು. 1939ರಲ್ಲಿ 27ರ ಹರೆಯದಲ್ಲಿ ಅವರು ನೀರುಪಾಲಾದರು. ‘ಕಂಬನಿ’, ‘ಚಿಗುರು’ ಕಥಾಸಂಕಲನಗಳು ಪ್ರಕಟವಾದದ್ದು ಅವರ ನಿಧನಾನಂತರ. ತಮ್ಮ ಪುಸ್ತಕಕ್ಕೆ ಸಹಿ ಹಾಕುವ ಭಾಗ್ಯ ಕಾಣದ ಲೇಖಕಿಯೊಬ್ಬರು ದಾನದ ಮೇಲ್ಪಂಕ್ತಿ ಹಾಕಿಕೊಟ್ಟರು.

ಗಡಿಯಲ್ಲಿ ಏಕೆ?

ವಿರಾಜಪೇಟೆಯಿಂದ ಇರಿಟ್ಟಿ, ಕಣ್ಣೂರುಗಳತ್ತ ಇಳಿಯುವ ರಸ್ತೆಯಲ್ಲಿ ಮಾಕುಟ್ಟ ಕರ್ನಾಟಕದ ಕಡೆಯ ತನಿಖಾ ಠಾಣೆ. ಸುತ್ತ ದಟ್ಟ ಅರಣ್ಯ, ಆಚೆಗೆ ಕೇರಳ. ವರ್ತಕರಿಗೆ ಇದು ಸರಕಿನ ದಾರಿ. 2018ರ ಮುಂಗಾರಿನಲ್ಲಿ ಈ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ, 2020ರ ಸಾಂಕ್ರಾಮಿಕದಲ್ಲಿ ಗಡಿ ಮುಚ್ಚಿದಾಗ, ಎರಡೂ ಬದಿಯ ಅಂಗಡಿಗಳು ಒಂದನ್ನೊಂದು ಎಷ್ಟು ನೆಚ್ಚಿಕೊಂಡಿವೆ ಎಂಬುದು ಮನವರಿಕೆಯಾಯಿತು. ಅಂತಹ ಸಂಕಟಕ್ಕೆ ಮುಂಚಿತವಾಗಿಯೇ ಒಂದು ಪರಿಹಾರ ನಿಧಿ ಸಿದ್ಧವಿರುವುದು ವಿವೇಕ. ಕನ್ನಡ, ಕೊಡವ, ಅರೆಭಾಷೆ, ಮಲೆಯಾಳ ಲೇಖಕರನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಲು ಗಡಿಗಿಂತ ಸೂಕ್ತ ನೆಲೆ ಬೇರೆ ಸಿಗಲಾರದು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕಾಗಿ ಮಡಿಕೇರಿಯ ದೀಪಾ ಭಾಸ್ತಿ ಅವರು ಲೇಖಕಿಯೊಡನೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಹಂಚಿಕೊಂಡ ಬಳಿಕ ಜಿಲ್ಲೆಯ ಬರಹಗಾರರತ್ತ ಓದುಗರ ಕುತೂಹಲವೂ ಹೆಚ್ಚಿದೆ.

ಒಂದು ಲೆಕ್ಕ

ಸದುದ್ದೇಶದ ಕಾರ್ಯಕ್ರಮಗಳು ಸೋಲುವುದು ಸಾಮಾನ್ಯವಾಗಿ ಲೆಕ್ಕದಲ್ಲಿ. ಉದಾಹರಣೆಗೆ, 1,000 ರೂಪಾಯಿಗಳ 100 ಟಿಕೆಟ್ ಮಾರಾಟವಾದವೆಂದು ಭಾವಿಸೋಣ. ಊಟಕ್ಕೆ ತಲಾ 350, ಸಭಾಂಗಣ, ಮುದ್ರಣ, ಪ್ರಯಾಣಕ್ಕೆ ತಲಾ 100 ವೆಚ್ಚವಾದರೆ ಉಳಿಯುವುದು 55,000 ರೂಪಾಯಿ. 300 ರೂಪಾಯಿ ಬೆಲೆಯ 60 ಪುಸ್ತಕಗಳು ಮಾರಾಟವಾಗಿ, ಪ್ರಕಾಶಕರು ನೀಡುವ ಶೇ. 30 ರಿಯಾಯಿತಿ ನಿಧಿಗೆ ಸೇರಿದರೆ ಮತ್ತೆ 5,400. ಒಟ್ಟು 60,400 ರೂಪಾಯಿ. ಸಂಗ್ರಹವಾದದ್ದು 1,18,000 ಎಂದು ವೇದಿಕೆಯಲ್ಲಿ ಘೋಷಿಸಿ, ಅದರ ಅರ್ಧದಷ್ಟನ್ನು ಮಾತ್ರ ನಿಧಿಗೆ ಒಪ್ಪಿಸಿದರೆ ಮರುವರ್ಷ ಟಿಕೆಟ್ ಕೊಳ್ಳುವವರಿಲ್ಲ. ಆದುದರಿಂದ ನಿವ್ವಳ ಮೊತ್ತವನ್ನೇ ಘೋಷಿಸತಕ್ಕದ್ದು.

ಇದೇ ಲೆಕ್ಕ ಮತ್ತೊಂದು ಪಾಠವನ್ನೂ ಹೇಳುತ್ತದೆ. ಅಕ್ಕಿ, ಎಣ್ಣೆ, ತರಕಾರಿ, ಅಡುಗೆಯ ಕೂಲಿಯನ್ನು ನಾಲ್ಕಾರು ವರ್ತಕರು ವಹಿಸಿಕೊಂಡರೆ 35,000 ರೂಪಾಯಿ ಉಳಿದು, ನಿಧಿ 95,400ಕ್ಕೇರುತ್ತದೆ. ಟಿಕೆಟ್ ಕೊಂಡು ಬಂದು ಕುಳಿತುಕೊಳ್ಳುವುದಕ್ಕಿಂತ ಖರ್ಚಿನ ಒಂದು ಬಾಬನ್ನು ಹೊರುವುದೇ ವರ್ತಕನ ದೊಡ್ಡ ಕಾಣಿಕೆ.

ತೆರಿಗೆ ಮತ್ತು ದಾಖಲೆ

ಮುದ್ರಿತ ಪುಸ್ತಕಗಳಿಗೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ಅಡುಗೆ ಗುತ್ತಿಗೆದಾರರ ಬಿಲ್ಲಿಗೆ ಉಂಟು. ಎರಡಕ್ಕೂ ಪ್ರತ್ಯೇಕ ಬಿಲ್ ಇರಲಿ. ಆದಾಯ ತೆರಿಗೆ ವಿನಾಯಿತಿ ಬಯಸುವ ದಾನಿಗಳು ಗಮನಿಸಬೇಕಾದ ಅಂಶಗಳೂ ಇವೆ. ಪಡೆಯುವ ಸಂಸ್ಥೆಗೆ ಇಲಾಖೆಯ ಮಾನ್ಯತೆ ಇರಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ದೊರೆಯದು. ವಸ್ತುರೂಪದ ಕೊಡುಗೆಗೂ ಅನ್ವಯಿಸದು. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ಸೌಲಭ್ಯವಿಲ್ಲ. ಊಟದ ಬೆಲೆಯನ್ನು ದೇಣಿಗೆಯೊಡನೆ ಬೆರೆಸದೆ, ಎರಡಕ್ಕೂ ಬೇರೆ ಬೇರೆ ರಸೀದಿ ನೀಡುವುದು ಸೂಕ್ತ. ಜಾಹೀರಾತಿನ ರೂಪದ ಪ್ರಾಯೋಜಕತ್ವದ ವೆಚ್ಚವನ್ನು ಹೇಗೆ ತೋರಿಸಬೇಕೆಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳಬೇಕು.

ಲೇಖಕರ ಪಾಲು

ಪುಸ್ತಕದ ಬೆಲೆಯಲ್ಲಿ ಶೇ. 10ರಷ್ಟು ಗೌರವಧನವೆಂದರೂ 300 ರೂಪಾಯಿಯ ಪುಸ್ತಕದಿಂದ ಲೇಖಕರಿಗೆ ದೊರೆಯುವುದು 30 ರೂಪಾಯಿ. ಅದನ್ನೂ ದಾನ ಮಾಡಿರೆಂದು ವೇದಿಕೆಯಲ್ಲಿ ಕೇಳುವುದು ಸೌಜನ್ಯವಲ್ಲ. ಪ್ರಯಾಣವೆಚ್ಚವನ್ನೂ ಸಂಭಾವನೆಯನ್ನೂ ಲಕೋಟೆಯಲ್ಲಿ ಕೊಟ್ಟು, ನಿಧಿಗೆ ಕೊಡುವುದು ಬಿಡುವುದು ಅವರ ಇಚ್ಛೆಗೆ ಬಿಡಬೇಕು. ಪ್ರತಿಯೊಬ್ಬರಿಗೂ ಹದಿನೈದು ನಿಮಿಷ ಮಾತು, ಅನಂತರ ಹಸ್ತಾಕ್ಷರ. ಸ್ವಾಗತ, ಸನ್ಮಾನ, ಹಾರತುರಾಯಿಗಳು ಆ ಸಮಯವನ್ನು ನುಂಗಬಾರದು. ಪುಸ್ತಕದ ಮೇಜು ಊಟದ ಸಾಲಿಗೆ ಹೋಗುವ ದಾರಿಯಲ್ಲಿಯೇ ಇದ್ದರೆ ಮಾರಾಟಕ್ಕೆ ಅನುಕೂಲ.

ದಿನದ ಆಯ್ಕೆಯೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಯನ್ನು ನಂಬುವಂತಿಲ್ಲ. ಡಿಸೆಂಬರ್‌ನಿಂದ ಬೆಳೆಗಾರರಿಗೆ ಕಾಫಿ ಕೊಯ್ಲು, ಮಾರ್ಚ್‌ನಲ್ಲಿ ವರ್ತಕರಿಗೆ ವರ್ಷಾಂತ್ಯದ ಲೆಕ್ಕ. ಏಪ್ರಿಲ್‌ನ ಒಂದು ಭಾನುವಾರ ಎಲ್ಲರಿಗೂ ಒದಗುತ್ತದೆ. ಕಾರ್ಯಕ್ರಮ ಮುಗಿದ ಹದಿನೈದು ದಿನಗಳೊಳಗೆ ಆಯವ್ಯಯ ಪಟ್ಟಿಯನ್ನು ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ ತಲುಪಿಸಿದರೆ, ಮುಂದಿನ ಏಪ್ರಿಲ್‌ನ ಟಿಕೆಟ್ ಮಾರಾಟಕ್ಕೆ ಬೇರೆ ಪ್ರಚಾರ ಬೇಕಾಗದು.