ಸೀಟಿ ಊದಿದವನು ಸೂಪರ್ ಸ್ಟಾರ್, ಸ್ಟಿಯರಿಂಗ್ ಹಿಡಿದವನು ಆಪ್ತಮಿತ್ರ!

ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪುಟ ತಿರುವುತ್ತಿರುವ ಗೆಳೆಯರೇ, ನಿಮ್ಮ ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದ್ದರೆ ಒಂದು ಕಥೆ ಕೇಳಿ. ಇದರಲ್ಲಿ ಹೀರೋಯಿನ್ ಇಲ್ಲ, ಫೈಟಿಂಗ್ ಇಲ್ಲ. ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್... ಅಷ್ಟೇ!

1970ರ ದಶಕದ ಆರಂಭ. ಇಂದಿನ ಬಿಎಂಟಿಸಿಗೆ ಆಗ ಬಿಟಿಎಸ್ ಅಂತ ಹೆಸರು. ಹೆಗಲಿಗೆ ಚೀಲ ಹಾಕಿಕೊಂಡು ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗ ಶಿವಾಜಿ ರಾವ್ ಗಾಯಕ್ವಾಡ್. ಪೊಲೀಸ್ ಕಾನ್‌ಸ್ಟೆಬಲ್ ರಾಮೋಜಿ ರಾವ್ ಅವರ ಕಿರಿಯ ಮಗ. ಕಪ್ಪು ಮೈಬಣ್ಣ, ಹಣೆಯ ಮೇಲೆ ಕುಣಿಯೋ ಕೂದಲು, ಗಾಳಿಗಿಂತ ಚುರುಕು ಕೈ! ಆ ಬಸ್ಸಿನ ಸ್ಟಿಯರಿಂಗ್ ಹಿಡಿದಿದ್ದಾತ ರಾಜ್ ಬಹದ್ದೂರ್.

ಡ್ರೈವರ್ ಕಂಡಕ್ಟರ್ ನಂಟು ಎಂಥದ್ದು ಅಂತ ದಿನಾ ಬಸ್ಸು ಹತ್ತುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬನ ಮುಖ ಮುಂದಕ್ಕೆ, ಇನ್ನೊಬ್ಬನ ಮುಖ ಜನರ ಕಡೆಗೆ. ಮಾತು ಕಮ್ಮಿ, ಸೀಟಿಯೇ ಭಾಷೆ. ಆದರೆ ಬಿಡುವಿನ ವೇಳೆಯಲ್ಲಿ ಬಣ್ಣ ಹಚ್ಚಿ ನಾಟಕದಲ್ಲಿ ಕುಣಿಯುತ್ತಿದ್ದ ಈ ಕಂಡಕ್ಟರನ್ನು ಡ್ರೈವರ್ ಬೇರೆಯೇ ಕಣ್ಣಿನಿಂದ ನೋಡಿದ. ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋದರೆ, ಬಹದ್ದೂರ್ ಮಾತ್ರ ಬೆನ್ನು ಬಿಡಲಿಲ್ಲ. ನೀನು ಇರಬೇಕಾದ ಜಾಗ ಇದಲ್ಲ, ಮದ್ರಾಸಿಗೆ ಹೋಗು ಅಂತ ಒಂದೇ ಹಟ!

ಹೋಗು ಅನ್ನೋದು ಸುಲಭ. ಹೋಗೋದು? ಹೆತ್ತವರು ದೇವರಿಗೆ ಹರಕೆ ಹೊತ್ತು ಕಾಯುವಂಥ ಖಾಯಂ ನೌಕರಿ ಅದು. ತಿಂಗಳ ಕೊನೆಗೆ ಕೈ ತುಂಬುವ ಸಂಬಳ ಬಿಟ್ಟು, ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಕಸುಬು ಕಲಿಯೋದು ಎಂದರೆ ತಮಾಷೆಯೇ? 1973ರಲ್ಲಿ ಶಿವಾಜಿ ಮದ್ರಾಸಿನ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ನಟನೆಯ ವಿದ್ಯಾರ್ಥಿಯಾದ. ಅಲ್ಲಿನ ಖರ್ಚಿಗೆ ಯಾರು? ತಮ್ಮ 400 ರೂಪಾಯಿ ಸಂಬಳದಲ್ಲಿ 200 ರೂಪಾಯಿ ತಿಂಗಳು ತಿಂಗಳೂ ಮದ್ರಾಸಿಗೆ ಹೋಗುತ್ತಿತ್ತು ಎಂದು ಬಹದ್ದೂರ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅರ್ಧ ಸಂಬಳ ಸ್ವಾಮೀ! ಅಣ್ಣ ಸತ್ಯನಾರಾಯಣ ರಾವ್ ಕೂಡ ಬೆನ್ನಿಗೆ ನಿಂತರು, ಅದನ್ನು ಮರೆಯೋ ಹಾಗಿಲ್ಲ. ಆದರೆ ಅಣ್ಣ ಕೊಟ್ಟರೆ ರಕ್ತ ಸಂಬಂಧ ಅನ್ನಬಹುದು. ಡ್ರೈವರ್ ಕೊಟ್ಟದ್ದಕ್ಕೆ ಏನು ಹೆಸರು?

ಮುಂದಿನದು ನಿಮಗೆಲ್ಲ ಬಾಯಿಪಾಠ. ಕೆ. ಬಾಲಚಂದರ್ ಕಣ್ಣಿಗೆ ಬಿದ್ದದ್ದು, ಶಿವಾಜಿ ರಜನಿಕಾಂತ್ ಆದದ್ದು, 1975ರ ‘ಅಪೂರ್ವ ರಾಗಂಗಳ್’ ಚಿತ್ರದಲ್ಲಿ ಗೇಟು ತಳ್ಳಿಕೊಂಡು ತೆರೆಗೆ ಕಾಲಿಟ್ಟದ್ದು. ಮರುವರ್ಷವೇ ನಮ್ಮ ಪುಟ್ಟಣ್ಣ ಕಣಗಾಲರ ‘ಕಥಾ ಸಂಗಮ’. 1977ರಲ್ಲಿ ವಿಷ್ಣುವರ್ಧನ್ ಜೊತೆ ‘ಸಹೋದರರ ಸವಾಲ್’. ಆಮೇಲೆ ತಮಿಳುನಾಡು ಆತನನ್ನು ಎತ್ತಿ ತಲೆ ಮೇಲೆ ಕೂರಿಸಿಕೊಂಡಿತು, ಕೆಳಗಿಳಿಸಲೇ ಇಲ್ಲ.

ಇತ್ತ ಬಹದ್ದೂರ್? ಬಸ್ಸು ಓಡಿಸುತ್ತಲೇ ಇದ್ದರು.

ಇಂಥ ಕಡೆಯೇ ಸ್ನೇಹಗಳು ಕಡಿದು ಬೀಳೋದು. ಒಬ್ಬ ಕಾರಿನ ಹಿಂದಿನ ಸೀಟಿಗೆ ಹೋದ, ಇನ್ನೊಬ್ಬ ಬಸ್ಸಿನ ಮುಂದಿನ ಸೀಟಿನಲ್ಲೇ ಉಳಿದ. ನಡುವೆ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿದ ಸುಮಾರು 350 ಕಿಲೋಮೀಟರ್ ರಸ್ತೆ. ಊರು ಬಿಟ್ಟು ದೊಡ್ಡವರಾದ ಎಷ್ಟು ಜನ ಹಬ್ಬಕ್ಕೆ ಸಂಸಾರ ಸಮೇತ ಕಾರಿನಲ್ಲಿ ಬಂದು, ಹಳೇ ಗೆಳೆಯನ ಬೀದಿಯಲ್ಲಿ ಗ್ಲಾಸು ಏರಿಸಿಕೊಂಡು ಹೋಗಿಬಿಡುವುದಿಲ್ಲ! ಬೇಕೆಂದಲ್ಲ, ಏನು ಮಾತಾಡೋದು ಅನ್ನೋ ಮುಜುಗರ. ರಜನಿ ಮಾತ್ರ ಗ್ಲಾಸು ಇಳಿಸಿದರು. ಮೊದಲೇ ಸುದ್ದಿ ಕೊಡದೆ ಬೆಂಗಳೂರಿಗೆ ಬಂದು ಬಹದ್ದೂರ್ ಮನೆ ಬಾಗಿಲು ತಟ್ಟೋದು, ಇಬ್ಬರೂ ಸೇರಿ ಗುರುತು ಸಿಗದ ಹಾಗೆ ವೇಷ ಮರೆಸಿಕೊಂಡು ಹಳೇ ಬೀದಿ ಸುತ್ತೋದು... ಇದು ಒಂದು ಸಲದ ಮಾತಲ್ಲ, ವರ್ಷಗಳಿಂದ ನಡೆದುಬಂದ ಪದ್ಧತಿ. ಪುರಾಣದಲ್ಲಿ ಅವಲಕ್ಕಿ ಗಂಟು ಹಿಡಿದು ಕುಚೇಲನೇ ದ್ವಾರಕೆಗೆ ನಡೆದ. ಇಲ್ಲಿ ಕೃಷ್ಣನೇ ಬಾಗಿಲಿಗೆ ಬಂದ!

ಕುಚೇಲ ಅಂದಾಗ ನೆನಪಾಯಿತು. 2008ರಲ್ಲಿ ರಜನಿ ‘ಕುಸೇಲನ್’ ಚಿತ್ರದಲ್ಲಿ ನಟಿಸಿದರು. 2007ರ ಮಲಯಾಳಂ ‘ಕಥ ಪರಯುಂಬೋಳ್’ ಚಿತ್ರದ ರೀಮೇಕ್. ನಿರ್ದೇಶಕರು ನಮಗೆ ‘ಆಪ್ತಮಿತ್ರ’ ಕೊಟ್ಟ ಪಿ. ವಾಸು. ಹಳ್ಳಿಗೆ ಶೂಟಿಂಗಿಗೆ ಬಂದ ಸೂಪರ್ ಸ್ಟಾರ್, ಅದೇ ಹಳ್ಳಿಯಲ್ಲಿ ಕ್ಷೌರ ಮಾಡಿ ಬದುಕುವ ಬಾಲ್ಯದ ಗೆಳೆಯ. ಇವನು ನನ್ನ ಗುರುತು ಹಿಡಿದಾನೇ ಅಂತ ಹಿಂಜರಿದು ದೂರ ನಿಲ್ಲುವ ಆ ಪಾತ್ರದಲ್ಲಿ ಪಶುಪತಿ ಕರುಳು ಹಿಂಡುತ್ತಾರೆ. ಚಿತ್ರ ಓಡಲಿಲ್ಲ ಬಿಡಿ. ರಜನಿ ಹೆಸರು ನೋಡಿ ಶಿಳ್ಳೆ ಹೊಡೆಯೋಕೆ ಬಂದವರಿಗೆ ಪಶುಪತಿಯ ಕಣ್ಣೀರು ಬೇಕಿರಲಿಲ್ಲ. ಆದರೂ ಕೊನೆಯಲ್ಲಿ ಗೆಳೆಯನನ್ನು ನೆನೆದು ರಜನಿ ಗದ್ಗದರಾಗುವ ದೃಶ್ಯ ಇದೆಯಲ್ಲ, ಅದಕ್ಕೆ ಗ್ಲಿಸರಿನ್ ಬೇಕಾಗಿರಲಿಕ್ಕಿಲ್ಲ ಅನ್ನೋದು ನಮ್ಮ ಗುಮಾನಿ!

2021ರ ಅಕ್ಟೋಬರ್ 25, ದೆಹಲಿ. ರಜನಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಅಂದು ಅಳಿಯನಾಗಿದ್ದ ಧನುಷ್‌ಗೂ ಅದೇ ಸಮಾರಂಭದಲ್ಲಿ ‘ಅಸುರನ್’ ಚಿತ್ರಕ್ಕಾಗಿ ಶ್ರೇಷ್ಠ ನಟ ಪ್ರಶಸ್ತಿ. ಇಡೀ ದೇಶ ನೋಡುತ್ತಿರುವಾಗ ಮೈಕಿನ ಮುಂದೆ ನಿಂತ ರಜನಿ ಗುರು ಬಾಲಚಂದರ್ ಹೆಸರು ಹೇಳಿದರು. ಅಣ್ಣ ಸತ್ಯನಾರಾಯಣ ರಾವ್ ಹೆಸರು ಹೇಳಿದರು. ಆಮೇಲೆ, ತಮ್ಮಲ್ಲಿನ ನಟನನ್ನು ಮೊದಲು ಗುರುತಿಸಿ ಸಿನಿಮಾಕ್ಕೆ ಹುರಿದುಂಬಿಸಿದ ಬಸ್ ಡ್ರೈವರ್ ರಾಜ್ ಬಹದ್ದೂರ್ ಹೆಸರನ್ನೂ ಹೇಳಿದರು. ಮಂತ್ರಿ ಮಹೋದಯರು ಕೂತಿದ್ದ ಆ ಸಭೆಯಲ್ಲಿ ಬಿಟಿಎಸ್‌ನ ಒಬ್ಬ ಡ್ರೈವರ್!

ಎರಡು ವರ್ಷ ಕಳೆದು, 2023ರ ಆಗಸ್ಟ್ 29. ‘ಜೈಲರ್’ ಥಿಯೇಟರುಗಳಲ್ಲಿ ಧೂಳೆಬ್ಬಿಸುತ್ತಿದ್ದ ದಿನಗಳು. ಜಯನಗರದ ಬಿಎಂಟಿಸಿ ಡಿಪೋದ ಒಳಕ್ಕೆ ಸದ್ದಿಲ್ಲದೆ ಬಂದಿಳಿದವರು ಯಾರು ಅಂತೀರಿ? ಖಾಕಿ ತೊಟ್ಟವರೆಲ್ಲ ಇದ್ದ ಕೆಲಸ ಬಿಟ್ಟು ಓಡಿ ಬಂದರು. ರಜನಿ ಚೀಲ ಹೊತ್ತ ಕಾಲದಲ್ಲಿ ನೌಕರಿಗಿದ್ದವರು ಒಬ್ಬರೂ ಅಲ್ಲಿ ಉಳಿದಿರಲಿಲ್ಲ, ಎಲ್ಲರೂ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಮೊಬೈಲ್ ಎತ್ತಿ ಹಿಡಿದ ಹೊಸ ಹುಡುಗರ ಜೊತೆ ನಗುತ್ತಾ ಫೋಟೋಗೆ ನಿಂತು, ಒಂದಷ್ಟು ಹೊತ್ತು ಮಾತಾಡಿ ಹೊರಟರು.