ಪ್ಲಾಸ್ಟಿಕಿನಲ್ಲಿ ಬೆರೆತ ವಸ್ತುಗಳ ಶೋಧನೆ

ಪ್ಲಾಸ್ಟಿಕೆಂದು ವ್ಯವಹಾರದಲ್ಲಿ ಕರೆಯಲ್ಪಡುವ ಪದಾರ್ಥವು ಬರಿಯ ಪಾಲಿಮರಲ್ಲ. ಪಾಲಿಪ್ರೊಪಿಲೀನನ್ನು ಶುದ್ಧರೂಪದಲ್ಲಿಯೇ ಬಿಟ್ಟರೆ ಅದು ಬಿಸಿಲುಗಾಳಿಗಳಿಗೆ ಸಿಕ್ಕಿ ಬಲುಬೇಗ ಪೆಡಸಾಗಿ ಬಿರಿಯುವುದು. ಆದುದರಿಂದ ಆಮ್ಲಜನಕದ ಕ್ರಿಯೆಯನ್ನು ತಡೆಯುವ ಫಿನಾಲುಗಳನ್ನೂ ಫಾಸ್ಫೈಟುಗಳನ್ನೂ ಅದಕ್ಕೆ ಬೆರಸುವರು. ತೆಳುಹಾಳೆಗಳು ಒಂದಕ್ಕೊಂದು ಅಂಟದಿರಲೆಂದು ಎರುಕಮೈಡಿನಂಥ ಜಾರುವಸ್ತುವನ್ನು ಸೇರಿಸುವುದೂ ಉಂಟು. ಇವುಗಳ ಪ್ರಮಾಣವು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ. ಆದರೂ ವಸ್ತುವಿನ ಆಯುಸ್ಸು ನಿಂತಿರುವುದು ಇವುಗಳಲ್ಲಿ ಉಳಿದಿರುವಷ್ಟರ ಮೇಲೆ. ಆಹಾರದ ಹೊದಿಕೆಯಾದರೆ ಇವು ತಿನಿಸಿಗೆ ಇಳಿಯಬಹುದೆಂಬ ಶಂಕೆಯೂ ಇದೆ. ಆದಕಾರಣ ಇವನ್ನು ಹೊರತೆಗೆದು ಅಳೆಯುವುದು ಅವಶ್ಯವಾಯಿತು.

ಹಳೆಯ ಉಪಾಯವೆಂದರೆ 1879ರಲ್ಲಿ ಸಾಕ್ಸ್‌ಲೆಟ್ ಎಂಬಾತನು ಹಾಲಿನ ಕೊಬ್ಬನ್ನು ಅಳೆಯಲು ರಚಿಸಿದ ಸಲಕರಣೆ. ಇದರಲ್ಲಿ ಬಿಸಿ ದ್ರಾವಕವು ಮತ್ತೆಮತ್ತೆ ಇಳಿದು ಪದಾರ್ಥವನ್ನು ತೊಳೆಯುವುದು. ಪಾಲಿಮರಿನ ವಿಷಯದಲ್ಲಿ ಈ ಕೆಲಸಕ್ಕೆ ಕೆಲವೊಮ್ಮೆ ಒಂದು ದಿನಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ.

ಹೊಸ ಉಪಾಯದ ಮೂಲವೂ ಹಳೆಯದೇ. ಮುಚ್ಚಿದ ನಳಿಗೆಯಲ್ಲಿ ದ್ರವವನ್ನು ಕಾಯಿಸುತ್ತ ಹೋದರೆ ಒಂದು ಉಷ್ಣತೆಯಲ್ಲಿ ದ್ರವಕ್ಕೂ ಆವಿಗೂ ನಡುವಣ ಗೆರೆ ಮಾಯವಾಗುವುದನ್ನು ಕಾನ್ಯಾರ್ ದ ಲ ತೂರ್ 1822ರಲ್ಲಿ ಕಂಡನು. ಇದಕ್ಕೆ ಕ್ರಾಂತಿಕ ಬಿಂದುವೆಂಬ ಅರ್ಥದ ಹೆಸರನ್ನು 1869ರಲ್ಲಿ ಕೊಟ್ಟವನು ಆಂಡ್ರೂಸ್. ಇಂಗಾಲದ ಡೈಆಕ್ಸೈಡಿಗೆ ಈ ಬಿಂದುವು ಸುಮಾರು 31 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ, 73 ವಾಯುಭಾರಗಳ ಒತ್ತಡ. ಅದರಾಚೆಗಿನ ಸ್ಥಿತಿಯನ್ನು ದ್ರವವೆನ್ನಲೂ ಬಾರದು, ಅನಿಲವೆನ್ನಲೂ ಬಾರದು. ಹರಿಯುವ ಗುಣವನ್ನೇ ಹಿಡಿದು ಅತಿಕ್ರಾಂತಿಕ ಪ್ರವಾಹಿ ಎನ್ನುವುದು ಲೇಸು. ಅದು ದ್ರವದಂತೆ ಕರಗಿಸಬಲ್ಲುದು, ಅನಿಲದಂತೆ ಸಂದುಗಳಲ್ಲಿ ನುಸುಳಬಲ್ಲುದು. ಒತ್ತಡವನ್ನಿಳಿಸಿದೊಡನೆ ತಾನು ಹಾರಿಹೋಗಿ, ಕರಗಿದ್ದುದನ್ನು ಬಿಟ್ಟುಹೋಗುವುದು.

ಆದರೆ ಕರಗಿಸುವ ಶಕ್ತಿಯೊಂದೇ ಸಾಲದು. ಕಾಳಿನ ಗರ್ಭದಲ್ಲಿರುವ ಕಣವು ಪಾಲಿಮರಿನ ಸರಪಳಿಗಳ ನಡುವೆ ಮೆಲ್ಲಮೆಲ್ಲನೆ ಸರಿದು ಮೇಲ್ಮೈಗೆ ಬರಬೇಕು; ವಿಳಂಬವೆಲ್ಲ ಬಹುಮಟ್ಟಿಗೆ ಅಲ್ಲಿಯೇ. ಕಾಳಿನ ತ್ರಿಜ್ಯವನ್ನು ಅರ್ಧಮಾಡಿದರೆ ಕಾಲವು ಕಾಲುಭಾಗಕ್ಕಿಳಿಯುವುದೆಂದು ಗಣಿತವು ಹೇಳುತ್ತದೆ. ಆದಕಾರಣ ಪದಾರ್ಥವನ್ನು ದ್ರವ ಸಾರಜನಕದಲ್ಲಿ ತಣಿಸಿ ಪುಡಿಮಾಡುವರು. ಉಷ್ಣತೆಯನ್ನೇರಿಸಿದರೂ ಕೆಲಸ ಬೇಗ ಸಾಗುವುದು ದಿಟ. ಮಿತಿಮೀರಿದರೆ ಪುಡಿಯೆಲ್ಲ ಮೆತ್ತಗಾಗಿ ಒಂದೇ ಮುದ್ದೆಯಾಗುವುದು, ಪಟ್ಟ ಶ್ರಮ ವ್ಯರ್ಥ. ಕಷ್ಟಪಡಿಸುವ ವಸ್ತುಗಳಿಗೆ ಸ್ವಲ್ಪ ಮೆಥನಾಲನ್ನು ಪ್ರವಾಹಿಯೊಡನೆ ಬೆರಸುವ ರೂಢಿಯಿದೆ.

ಹೀಗೆ ಬಂದ ಮಿಶ್ರಣವನ್ನು ಬೇರ್ಪಡಿಸುವ ವಿದ್ಯೆಗೆ ಕ್ರೊಮೆಟೊಗ್ರಫಿ, ಅಂದರೆ ವರ್ಣಲೇಖನವೆಂದು ಹೆಸರು. ಎಲೆಯ ಬಣ್ಣಗಳನ್ನು ಬಿಡಿಸಿದ ರಷ್ಯದ ಸಸ್ಯಶಾಸ್ತ್ರಜ್ಞ ತ್ಸ್ವೆತ್ 1906ರಲ್ಲಿ ಗ್ರೀಕ್ ಪದಗಳಿಂದ ಇದನ್ನು ಕಟ್ಟಿದನು. ರಷ್ಯನ್ ಭಾಷೆಯಲ್ಲಿ ಆತನ ಹೆಸರಿಗೂ ಬಣ್ಣವೆಂದೇ ಅರ್ಥ. ಇಲ್ಲಿನ ವಸ್ತುಗಳು ಹೆಚ್ಚಾಗಿ ಬಣ್ಣವಿಲ್ಲದವು, ಹೆಸರು ಮಾತ್ರ ಉಳಿದಿದೆ. ಅತಿಕ್ರಾಂತಿಕ ಪ್ರವಾಹಿಯನ್ನೇ ವಾಹಕವಾಗಿ ಬಳಸುವ ಕ್ರಮವನ್ನು ಕ್ಲೆಸ್ಪರ್ ಮತ್ತು ಸಂಗಡಿಗರು 1962ರಲ್ಲಿ ತೋರಿಸಿದರು. ಇರ್ಗನಾಕ್ಸ್ 1010ರ ಅಣುತೂಕ ಸುಮಾರು 1178. ಅದನ್ನು ಅನಿಲವಾಹಕದಲ್ಲಿ ಸಾಗಿಸಲು ಬೇಕಾದ ಶಾಖವು ವಿಪರೀತ. ದ್ರವವಾಹಕದಲ್ಲಿ ಸಾಗಿಸಿದರೆ, ನೇರಳಾತೀತ ಬೆಳಕನ್ನು ಅಷ್ಟಾಗಿ ಹೀರದ ಎರುಕಮೈಡು ಆ ಬೆಳಕಿನ ಸೂಚಕದ ಕಣ್ಣುತಪ್ಪುವುದು. ಇಂಗಾಲದ ಡೈಆಕ್ಸೈಡಾದರೋ ಹೆಚ್ಚು ಶಾಖವಿಲ್ಲದೆ ಎರಡನ್ನೂ ಹೊತ್ತು ಸಾಗುವುದು. ಜ್ವಾಲಾಸೂಚಕದಲ್ಲಿ ತನ್ನ ಗುರುತನ್ನು ಮೂಡಿಸದೆ ಅವುಗಳ ಗುರುತನ್ನು ಮಾತ್ರ ಉಳಿಸುವುದು.

ದೊರೆತ ರೇಖೆಯನ್ನು ಓದುವುದರಲ್ಲಿ ಎಚ್ಚರ ಬೇಕು. ಫಾಸ್ಫೈಟು ತನ್ನ ಕೆಲಸ ಮಾಡಿದಂತೆಲ್ಲ ಫಾಸ್ಫೇಟಾಗಿ ಮಾರ್ಪಡುತ್ತದೆ. ಫಾಸ್ಫೈಟಿನ ಶಿಖರ ಕುಗ್ಗಿ ಫಾಸ್ಫೇಟಿನದು ಎದ್ದಿದ್ದರೆ, ರಕ್ಷಕವು ಅಚ್ಚಿನ ಶಾಖದಲ್ಲಿಯೋ ಅನಂತರವೋ ವ್ಯಯವಾಯಿತೆಂದು ತಿಳಿಯಬಹುದು. ಎರಡೂ ಕುಗ್ಗಿದ್ದರೆ, ತಯಾರಕನು ಕಡಮೆ ಬೆರಸಿದನೆಂದು ಕೂಡಲೇ ತೀರ್ಮಾನಿಸುವುದು ಅನ್ಯಾಯ. ಶೋಧನೆಯೇ ಅಪೂರ್ಣವಾಗಿ ವಸ್ತುವು ಕಾಳಿನೊಳಗೇ ಉಳಿದಿರಬಹುದು. ಅದೇ ಪುಡಿಯನ್ನು ಎರಡನೆಯ ಸಲ, ಇನ್ನಷ್ಟು ಹೊತ್ತು ಶೋಧಿಸಿ, ಮತ್ತೇನೂ ಬಾರದೆಂದು ಕಂಡಮೇಲೆಯೇ ಅಂಕಿಯನ್ನು ಬರೆದಿಡತಕ್ಕದ್ದು.